ಯುದ್ಧನೌಕೆಗೆ ಮತ್ತೆ ರೇಡಿಯೊ

1939ರಲ್ಲಿ ಜರ್ಮನ್ನರ ಮೈನ್ ಸಿಡಿದು ಬ್ರಿಟನ್ನಿನ ಯುದ್ಧನೌಕೆ 'ಬೆಲ್‌ಫಾಸ್ಟ್' ತೀವ್ರ ಜಖಂಗೊಂಡಿತು. ದುರಸ್ತಿಯಾಗಿ ಮತ್ತೆ ಕಾದಿದ ಈ ಹಡಗು 1971ರಿಂದ ಲಂಡನ್ನಿನ ಥೇಮ್ಸ್ ನದಿಯಲ್ಲಿ ವಸ್ತುಸಂಗ್ರಹಾಲಯವಾಗಿದೆ. ಅದರ ನಿಸ್ತಂತು ಕೊಠಡಿಯಿಂದ ಹವ್ಯಾಸಿಗಳು 'ಜಿಬಿ2ಆರ್‌ಎನ್' ಎಂಬ ಕರೆಸಂಕೇತದಲ್ಲಿ ಜಗತ್ತಿನೊಡನೆ ಮಾತನಾಡುತ್ತ ಬಂದಿದ್ದಾರೆ.

ಇಂಥ ಹಡಗಿನಲ್ಲಿ ರೇಡಿಯೊ ಕೂರಿಸುವುದು ಮನೆಯಲ್ಲಿ ಕೂರಿಸಿದಷ್ಟು ಸಲೀಸಲ್ಲ. ಉಕ್ಕಿನ ಗೋಡೆ ಅಲೆಗಳನ್ನು ತಡೆಯುವುದರಿಂದ ಆಂಟೆನಾ ಹೊರಗೇ ಇರಬೇಕು. ಸಂದೇಶ ಕಳಿಸುವಾಗ ಹತ್ತಿರದ ಕಂಬಿ, ಉಕ್ಕಿನ ಹಗ್ಗಗಳಲ್ಲೂ ವಿದ್ಯುತ್ ಹುಟ್ಟುತ್ತದೆ. ನೋಡಲು ಬಂದ ಮಗು ಮುಟ್ಟಿದರೆ ಬೆರಳು ಸುಟ್ಟೀತು. ಆದ್ದರಿಂದ ಆಂಟೆನಾ ಜನರಿಂದ ದೂರವಿರಬೇಕು.

ತುಕ್ಕಿನದು ಇನ್ನೂ ದೊಡ್ಡ ಕಾಟ. ತಾಮ್ರದ ಪಟ್ಟಿಯನ್ನು ಉಕ್ಕಿಗೆ ಬಿಗಿದ ಕಡೆ ತೇವ ಸೇರಿದರೆ ಸವೆಯುವುದು ಉಕ್ಕೇ. ಆ ಜಾಗವನ್ನು ನೀರು ಸೋಕದಂತೆ ಮುಚ್ಚಬೇಕು. ಹೊಸ ತೂತು ಕೊರೆಯುವ ಬದಲು, ಹಳೆಯ ತಂತಿಗಳು ಹಾದ ದಾರಿಯಲ್ಲೇ ಕೇಬಲ್ ಎಳೆಯುವುದು ಲೇಸು.