ನಾಸಾ ಅಳಿಸಿತು, ನೀವು ಅಳಿಸಬೇಡಿ

ಮನುಷ್ಯ ಚಂದ್ರನ ಮೇಲೆ ಮೊದಲ ಸಲ ಕಾಲಿಟ್ಟಿದ್ದು 1969ರ ಜುಲೈನಲ್ಲಿ. ಅಲ್ಲಿಂದ ನೇರವಾಗಿ ಬಂದ ದೃಶ್ಯವನ್ನು ತುಂಬಿಕೊಂಡಿದ್ದ ಮೂಲ ಟೇಪುಗಳು ಇವತ್ತು ಯಾರ ಹತ್ತಿರ ಇವೆ? ಯಾರ ಹತ್ತಿರವೂ ಇಲ್ಲ. ವರ್ಷಗಟ್ಟಲೆ ಹುಡುಕಿದ ನಾಸಾ ಕೊನೆಗೆ 2009ರಲ್ಲಿ ಹೇಳಿದ್ದೇನು ಗೊತ್ತಾ? ಬಹುಶಃ ಅವುಗಳನ್ನು ಅಳಿಸಿ, ಅದೇ ಟೇಪುಗಳ ಮೇಲೆ ಬೇರೆ ಮಾಹಿತಿ ತುಂಬಿರಬೇಕು ಅಂತ! ನಾವೀಗ ನೋಡುವುದು ಟಿವಿ ಸಂಸ್ಥೆಗಳು ಅಂದು ಪ್ರಸಾರ ಮಾಡಿದ ಪ್ರತಿಗಳನ್ನು.

ಇದೊಂದೇ ಅಲ್ಲ. ಬಿಬಿಸಿ ತನ್ನ ಜನಪ್ರಿಯ ಧಾರಾವಾಹಿ 'ಡಾಕ್ಟರ್ ಹೂ'ನ 1960ರ ದಶಕದ ಎಷ್ಟೋ ಕಂತುಗಳನ್ನು ಅಳಿಸಿಹಾಕಿತು. ಆದರೆ ಕಳೆದುಹೋದ ಆ ಕಂತುಗಳ ಧ್ವನಿ ಮಾತ್ರ ಉಳಿದಿದೆ. ಉಳಿಸಿದವರು ಯಾರು? ಮನೆಯಲ್ಲಿ ಟಿವಿ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಕೂತಿದ್ದ ಸಾಮಾನ್ಯ ವೀಕ್ಷಕರು.

ದೊಡ್ಡ ಸಂಸ್ಥೆಗಳು ಯಾಕೆ ಹೀಗೆ ಮಾಡಿದವು? ಕಾರಣ ದುಡ್ಡು. 1956ರಲ್ಲಿ ಆಂಪೆಕ್ಸ್ ಕಂಪನಿ ತಂದ ವಿಡಿಯೋ ರೆಕಾರ್ಡರಿನ ಬೆಲೆ ಸುಮಾರು 50 ಸಾವಿರ ಡಾಲರ್. ಟೇಪೂ ದುಬಾರಿ. ಒಮ್ಮೆ ಪ್ರಸಾರ ಆಯ್ತಾ, ಅಳಿಸು, ಮತ್ತೆ ಬಳಸು. ಅಷ್ಟೇ ಲೆಕ್ಕ.

ಸುದ್ದಿ ಓದುವ ನನಗೆ ಈ ವಿಷಯದಲ್ಲಿ ಒಬ್ಬ ಹೆಣ್ಣುಮಗಳ ಮೇಲೆ ವಿಪರೀತ ಗೌರವ. ಅಮೆರಿಕದ ಫಿಲಡೆಲ್ಫಿಯಾದ ಮೇರಿಯನ್ ಸ್ಟೋಕ್ಸ್. ಒಂದು ಕಾಲಕ್ಕೆ ಲೈಬ್ರರಿಯಲ್ಲಿ ಕೆಲಸ ಮಾಡಿದವರು. ಮೂವತ್ತಕ್ಕೂ ಹೆಚ್ಚು ವರ್ಷ, ಹಗಲೂ ರಾತ್ರಿ, ಹಲವು ಯಂತ್ರಗಳನ್ನಿಟ್ಟು ಟಿವಿ ಸುದ್ದಿ ರೆಕಾರ್ಡ್ ಮಾಡಿದರು. 2012ರಲ್ಲಿ ತೀರಿಕೊಂಡಾಗ ಅವರು ಬಿಟ್ಟುಹೋಗಿದ್ದು ಸುಮಾರು 70 ಸಾವಿರ ಕ್ಯಾಸೆಟ್! ಅವೀಗ ಇಂಟರ್ನೆಟ್ ಆರ್ಕೈವ್ ಸಂಸ್ಥೆಯ ಬಳಿ ಇವೆ. ಸುದ್ದಿ ಮಾಡುವವರು ಇಟ್ಟುಕೊಳ್ಳದ್ದನ್ನು ಸುದ್ದಿ ನೋಡುವವರೊಬ್ಬರು ಇಟ್ಟುಕೊಂಡರು.

ಈಗ ನಮ್ಮ ಮನೆಗೆ ಬನ್ನಿ. ಸೋನಿಯ ಬೀಟಾಮ್ಯಾಕ್ಸ್ ಬಂದಿದ್ದು 1975ರಲ್ಲಿ. ಮರುವರ್ಷವೇ ಜೆವಿಸಿಯ ವಿಎಚ್‌ಎಸ್ ಬಂತು. 1982ರ ದೆಹಲಿ ಏಷ್ಯನ್ ಗೇಮ್ಸ್ ಹೊತ್ತಿಗೆ ನಮ್ಮಲ್ಲಿ ಕಲರ್ ಟಿವಿ ಬಂತು. ಅದರ ಹಿಂದೆಯೇ ವಿಸಿಆರ್, ವಿಡಿಯೋ ಲೈಬ್ರರಿ, ಬಾಡಿಗೆ ಕ್ಯಾಸೆಟ್. ಆಮೇಲೆ ಮದುವೆ ಮನೆಗೆ ವಿಡಿಯೋದವರು ಬಂದರು. ಕಣ್ಣು ಕುಕ್ಕುವ ಲೈಟು, ಅದನ್ನು ಹಿಡಿದು ಹಿಂದೆ ಹಿಂದೆ ಓಡಾಡುವ ಹುಡುಗ, ಧಾರೆಯ ದೃಶ್ಯಕ್ಕೆ ಸಿನಿಮಾ ಹಾಡು. ನೆನಪಿದೆ ತಾನೇ?

ನಗಬೇಡಿ. ಆ ಕ್ಯಾಸೆಟ್ಟಿನಲ್ಲಿ ಮದುವೆ ಮಾತ್ರ ಇಲ್ಲ. ರಸ್ತೆ ಅಗಲ ಮಾಡುವ ಮುಂಚಿನ ನಿಮ್ಮ ಬೀದಿ ಇದೆ. ನೆಲದ ಮೇಲೆ ಪಂಕ್ತಿಯಲ್ಲಿ ಕೂತು ಉಂಡವರಿದ್ದಾರೆ. ಬರೆದಿಡದೆ ಬಾಯಲ್ಲೇ ಉಳಿದಿದ್ದ ಸೋಬಾನೆ ಪದ ಹಾಡುವ ಅಜ್ಜಿಯಂದಿರಿದ್ದಾರೆ. ಫೋಟೋದಲ್ಲಿ ಅಜ್ಜನ ಮುಖ ಸಿಗುತ್ತೆ. ಆದರೆ ಅಜ್ಜ ಹೇಗೆ ಮಾತಾಡ್ತಿದ್ದರು, ಹೇಗೆ ನಗ್ತಿದ್ದರು? ಅದು ಸಿಗೋದು ಕ್ಯಾಸೆಟ್ಟಿನಲ್ಲಿ ಮಾತ್ರ. ಸಾಮಾನ್ಯರ ಕರ್ನಾಟಕದ ಇತಿಹಾಸ ಯಾವ ಸರ್ಕಾರಿ ಕಡತದಲ್ಲೂ ಇಷ್ಟು ಜೀವಂತವಾಗಿ ಸಿಗಲ್ಲ.

ಆದರೆ ಸಮಯ ಇಲ್ಲ ವೀಕ್ಷಕರೇ. ಟೇಪಿನಲ್ಲಿರುವುದು ಪ್ಲಾಸ್ಟಿಕ್ ಪಟ್ಟಿಗೆ ಅಂಟಿಸಿದ ಕಾಂತೀಯ ಪುಡಿ. ವರ್ಷ ಕಳೆದಂತೆ ಆ ಅಂಟು ಸೋಲುತ್ತೆ, ಚಿತ್ರ ಮಂಕಾಗುತ್ತೆ. ಕರಾವಳಿ, ಮಲೆನಾಡಿನ ತೇವಕ್ಕಂತೂ ಬೇಗ ಬೂಷ್ಟು ಹಿಡಿಯುತ್ತೆ. ಇನ್ನೊಂದು ಕಡೆ ಯಂತ್ರವೇ ಇಲ್ಲ. ಕೊನೆಯವರೆಗೂ ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ಕೈಬಿಟ್ಟಿತು. ಬಿಡಿಭಾಗ ಸಿಗುತ್ತಿಲ್ಲವೆಂಬುದೇ ಅದು ಕೊಟ್ಟ ಮುಖ್ಯ ಕಾರಣ. 2025ರ ಸುಮಾರಿಗೆ ಟೇಪು ಓಡಿಸುವುದೇ ಕಷ್ಟವಾಗುತ್ತೆ ಎಂದು ಯುನೆಸ್ಕೋ 2019ರಲ್ಲೇ ಎಚ್ಚರಿಸಿತ್ತು. ಆ ಗಡುವೂ ಮುಗಿಯಿತು.

ಹಾಗಾದರೆ ಲಕ್ಷಗಟ್ಟಲೆ ಖರ್ಚಾ? ಖಂಡಿತ ಇಲ್ಲ. ಬೇಕಾಗೋದು ಓಡುವ ಒಂದು ವಿಸಿಆರ್, ಹಳದಿ-ಕೆಂಪು-ಬಿಳಿ ಪಿನ್ನಿನ ವೈರು, ಸಾವಿರ-ಎರಡು ಸಾವಿರದ ಆಸುಪಾಸಿನ ಯುಎಸ್‌ಬಿ ಕ್ಯಾಪ್ಚರ್ ಸಾಧನ, ಮನೆಯಲ್ಲಿರುವ ಲ್ಯಾಪ್‌ಟಾಪ್. ಒಬಿಎಸ್‌ನಂಥ ಸಾಫ್ಟ್‌ವೇರ್ ಉಚಿತ. ಸೆಟ್ಟಿಂಗ್‌ನಲ್ಲಿ 'ಪಾಲ್' ಆರಿಸಿಕೊಳ್ಳಿ, ನಮ್ಮ ದೇಶದ ಕ್ಯಾಸೆಟ್ಟುಗಳು ಆ ಪದ್ಧತಿಯವು. ಕಷ್ಟ ಇರೋದು ವಿಸಿಆರ್ ಹುಡುಕುವುದರಲ್ಲಿ. ಅದಕ್ಕೆ ನೆಂಟರಿಷ್ಟರೆಲ್ಲ ಸೇರಿ ಒಂದು ಮಾಡಿಕೊಳ್ಳಿ, ಖರ್ಚು ಹಂಚಿಕೊಳ್ಳಿ.

ಮೂರು ಗಂಟೆಯ ಕ್ಯಾಸೆಟ್ಟಿಗೆ ಮೂರು ಗಂಟೆ ಬೇಕೇ ಬೇಕು, ಇಲ್ಲಿ ಅಡ್ಡದಾರಿ ಇಲ್ಲ. ಎಲ್ಲವನ್ನೂ ಮಾಡಲು ಆಗದಿದ್ದರೆ, ಬೇರೆಲ್ಲೂ ಪ್ರತಿ ಇಲ್ಲದ್ದನ್ನು ಮೊದಲು ಮಾಡಿ. ಬಾಡಿಗೆ ಸಿನಿಮಾದಿಂದ ಇಳಿಸಿಕೊಂಡ ಕ್ಯಾಸೆಟ್ಟು ಕಾಯಲಿ, ತಂಗಿಯ ನಾಮಕರಣ ಕಾಯಬಾರದು. ಮೊದಲು ಕ್ಯಾಸೆಟ್ಟಿನ ಬೆನ್ನಿನಲ್ಲಿರುವ ಸಣ್ಣ ಪ್ಲಾಸ್ಟಿಕ್ ತುಂಡನ್ನು ಮುರಿಯಿರಿ. ಆಗ ಕೈತಪ್ಪಿ ರೆಕಾರ್ಡ್ ಬಟನ್ ಒತ್ತಿದರೂ ಅಳಿಸಿಹೋಗಲ್ಲ. ಕಿಟಕಿಯಲ್ಲಿ ಬಿಳಿ ಬೂಷ್ಟು ಕಂಡರೆ ಯಂತ್ರಕ್ಕೆ ಹಾಕಲೇಬೇಡಿ, ಆ ಬೂಷ್ಟು ಮುಂದಿನ ಕ್ಯಾಸೆಟ್ಟುಗಳಿಗೂ ಅಂಟುತ್ತೆ. ಅಂಥದ್ದನ್ನು ಮಾತ್ರ ಕೆಲಸ ಗೊತ್ತಿರುವವರಿಗೆ ಕೊಡಿ, ಖರ್ಚು ಅಲ್ಲಿಗೆ ಸಾಕು. ಪ್ರತಿಯನ್ನು ಒಂದೇ ಪೆನ್‌ಡ್ರೈವ್‌ನಲ್ಲಿ ಇಟ್ಟು ನಿಶ್ಚಿಂತೆಯಾಗಬೇಡಿ. ಹಾರ್ಡ್ ಡಿಸ್ಕಿನಲ್ಲೊಂದು, ಇನ್ನೊಂದು ಊರಲ್ಲಿರುವ ಅಣ್ಣನ ಮನೆಯಲ್ಲೊಂದು ಇರಲಿ. ಪ್ರತಿ ಆಯ್ತು ಅಂತ ಮೂಲ ಕ್ಯಾಸೆಟ್ಟು ಎಸೆಯಬೇಡಿ.

ಕೊನೆಯದಾಗಿ ಒಂದು ಮಾತು. ಕ್ಯಾಸೆಟ್ಟು ಓಡುವಾಗ ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಇವರ್ಯಾರು, ಅವರ್ಯಾರು, ಯಾವ ಊರಿನವರು ಎಂದು ಕೇಳಿ. ಅವರು ಹೇಳಿದ್ದನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಟೇಪಿನಲ್ಲಿ ಮುಖಗಳಿವೆ. ಆ ಮುಖಗಳ ಹೆಸರು ಗೊತ್ತಿರೋದು ಅವರಿಗೆ ಮಾತ್ರ.