ಚಹಾ-ಬಿಸ್ಕಿಟ್ ನಾಷ್ಟಾ ಅಲ್ಲ: ಮಕ್ಕಳು ಖುಷಿಯಿಂದ ತಿನ್ನೋ ಮುಂಜಾನೆಯ ತಿನಿಸುಗಳು

ಜಮಖಂಡಿ: ಕಬ್ಬಿನ ಹಂಗಾಮು ಬಂತೆಂದರೆ ಜಮಖಂಡಿ, ಮುಧೋಳ, ಬೀಳಗಿ ಕಡೆ ಬೆಳಕು ಹರಿಯುವ ಮೊದಲೇ ಹೊಲದ ದಾರಿ ಹಿಡಿಯುವವರಿದ್ದಾರೆ. ರಬಕವಿ-ಬನಹಟ್ಟಿಯಲ್ಲಿ ಮುಂಜಾನೆಯೇ ಮಗ್ಗದ ಸದ್ದು ಶುರು. ಈ ಗಡಿಬಿಡಿಯಲ್ಲಿ ಮಕ್ಕಳಿಗೆ ಒಂದು ಕಪ್ ಚಹಾ, ನಾಲ್ಕು ಬಿಸ್ಕಿಟ್ ಕೊಟ್ಟರೆ ನಾಷ್ಟಾ ಮುಗೀತು ಅನ್ನೋ ಮನೆಗಳು ಬಹಳ.

ಬಹುತೇಕ ಬಿಸ್ಕಿಟ್‌ಗಳಲ್ಲಿ ಇರೋದು ಮೈದಾ, ಸಕ್ಕರೆ, ಎಣ್ಣೆ. ಸ್ವಲ್ಪ ಹೊತ್ತಿಗೇ ಮತ್ತೆ ಹಸಿವಾಗುತ್ತದೆ, ಪಾಠದ ಕಡೆ ಲಕ್ಷ್ಯ ಉಳಿಯೋದಿಲ್ಲ. ಮೇಲಾಗಿ ಚಹಾದಲ್ಲಿರುವ ಟ್ಯಾನಿನ್, ಊಟದಲ್ಲಿನ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 6ರಿಂದ 59 ತಿಂಗಳ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆ ಇದೆ. ಹೀಗಾಗಿ ಮಕ್ಕಳ ನಾಷ್ಟಾವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ತಾಟಿನಲ್ಲಿ ಮೂರು ಇರಲಿ

1. ಧಾನ್ಯ: ಜೋಳ, ಸಜ್ಜೆ, ಗೋಧಿ ಅಥವಾ ಅವಲಕ್ಕಿ.
2. ಪ್ರೋಟೀನ್: ಶೇಂಗಾ, ಕಾಳು, ಹಾಲು-ಮೊಸರು ಅಥವಾ ತತ್ತಿ. ಒಂದು ತತ್ತಿಯಲ್ಲಿ ಸುಮಾರು 6 ಗ್ರಾಂ, 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇರುತ್ತದೆ.
3. ಹಣ್ಣು ಇಲ್ಲವೇ ಕಾಯಿಪಲ್ಲೆ: ಬಾಳೆಹಣ್ಣು, ಪೇರಲ, ಗಜ್ಜರಿ, ಟೊಮೆಟೊ. ಲಿಂಬೆಹಣ್ಣು ಹಿಂಡಿದರೆ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆ.

ನಮ್ಮ ಅಡುಗೆಮನೆಯದೇ ತಿನಿಸು

* ರೊಟ್ಟಿ ಒಗ್ಗರಣೆ: ರಾತ್ರಿ ಉಳಿದ ಜೋಳದ ರೊಟ್ಟಿ ಮುರಿದು, ಮಜ್ಜಿಗೆ ಚಿಮುಕಿಸಿ, ಉಳ್ಳಾಗಡ್ಡಿ ಒಗ್ಗರಣೆ ಹಾಕಿದರೆ ಹತ್ತು ನಿಮಿಷದಲ್ಲಿ ನಾಷ್ಟಾ ರೆಡಿ.
* ರೊಟ್ಟಿ, ಮೊಸರು, ಶೇಂಗಾ ಹಿಂಡಿ: ಜೋಳದ ಪ್ರೋಟೀನ್‌ನಲ್ಲಿ ಲೈಸಿನ್ ಕಡಿಮೆ, ಮೊಸರು ಅದನ್ನು ಸರಿದೂಗಿಸುತ್ತದೆ. ಮಕ್ಕಳಿಗೆ ಖಾರ ಕಡಿಮೆ ಇರಲಿ.
* ತಾಲಿಪೆಟ್ಟು: ಜೋಳದ ಹಿಟ್ಟು, ಕಡ್ಲಿಹಿಟ್ಟು, ಮೆಂತೆ ಪಲ್ಲೆ ಸೇರಿಸಿ ಸಣ್ಣ ಸಣ್ಣದಾಗಿ ತಟ್ಟಬೇಕು. ಪಲ್ಲೆ ಬೇಡ ಅನ್ನೋ ಹುಡುಗರೂ ತಿಂತಾರೆ.
* ಚುನಮುರಿ ಸುಸಲಾ: ಬರೀ ಚುನಮುರಿ ಸಾಲದು. ಪುಟಾಣಿ ಪುಡಿ, ಶೇಂಗಾ, ಟೊಮೆಟೊ ಸೇರಲಿ.
* ಪಡ್ಡು: ಹಿಟ್ಟಿಗೆ ತುರಿದ ಗಜ್ಜರಿ ಹಾಕಿದರೆ ಬಣ್ಣವೂ ಚೆಂದ, ಬುತ್ತಿ ಡಬ್ಬಿಗೂ ಅನುಕೂಲ.
* ಮೊಳಕೆ ಹೆಸರು, ಮಡಕಿ ಕಾಳು: ಹಿಂದಿನ ದಿನ ನೆನೆಸಿ, ಬಟ್ಟೆಯಲ್ಲಿ ಕಟ್ಟಿಡಬೇಕು. ಸಣ್ಣ ಮಕ್ಕಳಿಗೆ ಬೇಯಿಸಿಯೇ ಕೊಡಬೇಕು.

ಬೇಡ ಅನ್ನೋ ಮಗುವಿಗೆ

"ಏನು ತಿಂತೀ?" ಅಂತ ಕೇಳುವ ಬದಲು "ತಾಲಿಪೆಟ್ಟೋ, ಪಡ್ಡೋ?" ಅಂತ ಕೇಳಬೇಕು. ಆರಿಸಿಕೊಂಡದ್ದನ್ನು ಮಕ್ಕಳು ಬಿಡೋದು ಕಡಿಮೆ. ಹೊಸ ತಿನಿಸು ಒಮ್ಮೆ ಬೇಡ ಅಂದರೆ ನಾಲ್ಕು ದಿನ ಬಿಟ್ಟು ಸ್ವಲ್ಪವೇ ಕೊಟ್ಟು ನೋಡಬೇಕು. ಬೈದು ತಿನ್ನಿಸಬಾರದು.

ಶಾಲೆಯಲ್ಲಿ ಹಾಲು ಇದೆಯಲ್ಲ?

ಸರ್ಕಾರಿ, ಅನುದಾನಿತ ಶಾಲೆಗಳಲ್ಲಿ 2013ರಿಂದ ಕ್ಷೀರಭಾಗ್ಯದ 150 ಮಿ.ಲೀ. ಹಾಲು ಇದೆ. 2024ರಿಂದ ವಾರಕ್ಕೆ ಮೂರು ದಿನ ರಾಗಿ ಮಾಲ್ಟ್ ಕೂಡ ಸೇರಿದೆ. ಆದರೆ ಅದು ಮನೆಯ ನಾಷ್ಟಾಕ್ಕೆ ಕೂಡಿಕೆ, ಬದಲಿ ಅಲ್ಲ.

ಅಂಗಡಿಯಲ್ಲಿ ಕೊಳ್ಳುವಾಗ

ಪಾಕೀಟಿನ ಹಿಂಬದಿ ಓದಬೇಕು. ಯಾವುದು ಹೆಚ್ಚಿದೆಯೋ ಅದರ ಹೆಸರು ಮೊದಲು ಬರಬೇಕೆಂಬ ನಿಯಮವಿದೆ. ಮೈದಾ, ಸಕ್ಕರೆ ಮೊದಲಿದ್ದರೆ ದಿನನಿತ್ಯಕ್ಕೆ ಬೇಡ. ಕಿರಾಣಿ ಅಂಗಡಿಯವರು ಬಿಸ್ಕಿಟ್ ಪಕ್ಕದಲ್ಲೇ ಪುಟಾಣಿ, ಶೇಂಗಾ ಚಿಕ್ಕಿಯ ಸಣ್ಣ ಪಾಕೀಟು ಇಟ್ಟರೆ ಗಿರಾಕಿಗೂ ಒಳ್ಳೆಯದು. ಮಹಾಲಿಂಗಪುರದ ಬೆಲ್ಲವೇ ಇರಲಿ, ಬೆಲ್ಲವೂ ಸಕ್ಕರೆಯ ಜಾತಿಯೇ; ಮಿತಿ ಇರಲಿ.

ಎಚ್ಚರಿಕೆ: ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಶೇಂಗಾ, ಪುಟಾಣಿ, ಚಿಕ್ಕಿ ಕೊಡಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಪುಡಿ ಮಾಡಿ ಕೊಡಬೇಕು. ಶೇಂಗಾ ತಿಂದ ಮೇಲೆ ಮೈ ದದ್ದು, ತುಟಿ ಬಾವು ಕಂಡರೆ ಮತ್ತೆ ಕೊಡದೆ ವೈದ್ಯರಿಗೆ ತೋರಿಸಬೇಕು. ಉಸಿರಾಟಕ್ಕೆ ತ್ರಾಸಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಮಗು ಸದಾ ಸುಸ್ತಾಗಿದ್ದು ಬಿಳಿಚಿಕೊಂಡಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸುವುದು ಒಳ್ಳೆಯದು.