ಬಿಚ್ಚಿ ಹೆಣೆದ ಹೆಣಿಗೆ

ಒಲೆಯ ಮೇಲೆ ಸಾರು ಕುದಿಯುತ್ತಿದೆ, ಪಕ್ಕದಲ್ಲಿ ಮಗುವಿಗೆ ಮನೆಲೆಕ್ಕ ಬಿಡಿಸಲು ಬಾರದೆ ಅಳು. ಇದರ ನಡುವೆ ಕೈಯಲ್ಲಿ ಹಿಡಿದ ಸ್ವೆಟರಿನ ಎಣಿಕೆ ತಪ್ಪಿದ್ದು ನಿಮಗೆ ತಿಳಿಯುವುದು ಹತ್ತು ಸಾಲು ಮುಂದೆ ಹೋದ ಮೇಲೆ. ಸಾಲಿಗೆ 120 ಕುಣಿಕೆಯಂತೆ 1,200 ಕುಣಿಕೆ! ಬಿಚ್ಚುವುದಕ್ಕೆ ಎರಡು ನಿಮಿಷ ಸಾಕು. ಮತ್ತೆ ಹೆಣೆಯಲು ಒಂದು ಮಧ್ಯಾಹ್ನದ ನಿದ್ದೆ ಬಿಡಬೇಕು. ಬಿಚ್ಚುವುದೋ, ಯಾರಿಗೂ ಕಾಣದೆಂದು ಬಿಡುವುದೋ? ನಿಮಗಿಂತ ಮೊದಲು ಈ ಪ್ರಶ್ನೆಯನ್ನು ಹಾಕಿಕೊಂಡವರು ಶತಮಾನಗಳ ಹಿಂದೆಯೂ ಇದ್ದರು.

ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಈಜಿಪ್ಟಿನಿಂದ ಬಂದ ಕೆಂಪು ಉಣ್ಣೆಯ ಒಂದು ಜೊತೆ ಕಾಲುಚೀಲಗಳಿವೆ. ಕ್ರಿ.ಶ. ಮೂರರಿಂದ ಐದನೆಯ ಶತಮಾನದೊಳಗಿನವು. ಚಪ್ಪಲಿ ಮೆಟ್ಟಲು ಅನುಕೂಲವಾಗುವಂತೆ ಹೆಬ್ಬೆರಳಿಗೆ ಬೇರೆ ಮನೆ ಉಂಟು. ನೋಡಿದರೆ ನಮ್ಮ ಹೆಣಿಗೆಯೇ ಅನ್ನಬೇಕು, ಆದರೆ ಅಲ್ಲ. ಅದನ್ನು ಮಾಡಿದವರು ಕಣ್ಣುಳ್ಳ ಒಂದೇ ಸೂಜಿಗೆ ತುಂಡು ನೂಲು ಪೋಣಿಸಿ, ಪ್ರತಿ ಕುಣಿಕೆಯಲ್ಲೂ ಆ ನೂಲನ್ನು ಪೂರ್ತಿಯಾಗಿ ಎಳೆದುಕೊಂಡು ಹೋಗಿದ್ದಾರೆ. ಅಲ್ಲಿ ತಪ್ಪಾದರೆ ತುದಿ ಹಿಡಿದು ಎಳೆದು ಬಿಚ್ಚುವಂತಿಲ್ಲ. ಬಂದ ದಾರಿಯಲ್ಲೇ ಸೂಜಿಯನ್ನು ಒಂದೊಂದು ಕುಣಿಕೆಯಿಂದಲೂ ಹಿಂದಕ್ಕೆ ತರಬೇಕು.

ಎರಡು ಕಡ್ಡಿಯ ಹೆಣಿಗೆಯ ಹಳೆಯ ತುಣುಕುಗಳೂ ಈಜಿಪ್ಟಿನಲ್ಲೇ ಸಿಕ್ಕಿವೆ. ಆದರೆ ಅವು ಹಲವು ಶತಮಾನ ಈಚಿನ, ಇಸ್ಲಾಮೀ ಆಳ್ವಿಕೆಯ ಕಾಲದ, ನೀಲಿ ಬಿಳಿ ಹತ್ತಿ ನೂಲಿನ ಕಾಲುಚೀಲಗಳು. ಈ ಹೆಣಿಗೆಯಲ್ಲಿ ಕುಣಿಕೆಯೊಳಗಿಂದ ಕುಣಿಕೆ ಬರುತ್ತದೆಯೇ ಹೊರತು ನೂಲಿನ ತುದಿ ಎಲ್ಲಿಯೂ ತೂರುವುದಿಲ್ಲ. ಆದ್ದರಿಂದ ತುದಿ ಎಳೆದರೆ ಇಡೀ ಸಾಲು ಸರಸರನೆ ಬಿಚ್ಚಿ, ನೂಲು ನೂಲಾಗಿಯೇ ಕೈಗೆ ಬರುತ್ತದೆ. ಕತ್ತರಿ ಹಾಕಿದ ಬಟ್ಟೆಗೆ ಈ ಭಾಗ್ಯವಿಲ್ಲ. ಜಾರಿದ್ದು ಒಂದೇ ಕುಣಿಕೆಯಾದರೆ ಸಾಲು ಬಿಚ್ಚುವುದೂ ಬೇಡ; ಕ್ರೋಷಾ ಕಡ್ಡಿಯಿಂದ ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ತರಬಹುದೆಂದು ನಿಮ್ಮಲ್ಲಿ ಹಲವರು ಬಲ್ಲಿರಿ.

ಯೂರೋಪಿಗೆ ಬಂದ ಮೇಲೆ ಈ ಕೆಲಸ ಸಂಸಾರದ ನಡುವೆಯೇ ಕುಳಿತಿತು. ಜರ್ಮನಿಯ ಹ್ಯಾಂಬರ್ಗ್ ನಗರದ ಚಿತ್ರಶಾಲೆಯಲ್ಲಿ 1400ರ ಸುಮಾರಿನ ಒಂದು ಚಿತ್ರವಿದೆ. ಕನ್ಯೆ ಮೇರಿ ನಾಲ್ಕು ಕಡ್ಡಿಗಳಲ್ಲಿ ಮಗನಿಗೆ ಅಂಗಿ ಹೆಣೆಯುತ್ತಿದ್ದಾಳೆ. ಹೆಣಿಗೆ ಕೊರಳಿನವರೆಗೆ ಬಂದಿದೆ. ಬಾಲಯೇಸು ನೆಲದ ಮೇಲೆ ಪುಸ್ತಕ ಬಿಚ್ಚಿಕೊಂಡಿದ್ದಾನೆ, ಹತ್ತಿರ ಆಟದ ಬುಗುರಿ. ಹಿಂದಿನಿಂದ ದೇವದೂತರು ಶಿಲುಬೆ ಮುಳ್ಳಿನ ಕಿರೀಟಗಳನ್ನು ಹಿಡಿದು ಬಂದಿದ್ದಾರೆ. ಚಿತ್ರಕಾರನ ಉದ್ದೇಶ ಧಾರ್ಮಿಕವಾದದ್ದು, ನಿಜ. ಆದರೆ ಎಣಿಕೆ ಹಾಕುತ್ತಲೇ ಮಗುವಿನ ಮೇಲೊಂದು ಕಣ್ಣಿಡುವ ತಾಯಿಯನ್ನು ಆತ ಎಲ್ಲಿಯೋ ನೋಡಿಯೇ ಬರೆದಿರಬೇಕು.

ಸ್ಕಾಟ್ಲೆಂಡಿನ ಉತ್ತರಕ್ಕಿರುವ ಷೆಟ್ಲೆಂಡ್ ದ್ವೀಪಗಳಲ್ಲಂತೂ ಹೆಂಗಸರು ಕುಳಿತು ಹೆಣೆದದ್ದೇ ಅಪರೂಪ. ಬೆನ್ನಿಗೆ ಉರುವಲಿನ ಬುಟ್ಟಿ ಕಟ್ಟಿಕೊಂಡು, ನಡೆಯುತ್ತಲೇ ಹೆಣೆಯುತ್ತಿದ್ದರು. ಸೊಂಟದ ಪಟ್ಟಿಯಲ್ಲಿ ಕುದುರೆಯ ಕೂದಲು ತುಂಬಿದ, ತೂತುಗಳಿರುವ ಒಂದು ಚರ್ಮದ ಮೆತ್ತೆ. ಕಡ್ಡಿಯ ಒಂದು ತುದಿಯನ್ನು ಅದರಲ್ಲಿ ಚುಚ್ಚಿಕೊಂಡರೆ ಕೈಗೆ ಭಾರವಿಲ್ಲ. ಇಷ್ಟಾದರೂ ಅಂಗಡಿಯವರು ಅವರಿಗೆ ನಗದು ಕೊಡದೆ ಚಹವನ್ನೋ ಬಟ್ಟೆಯನ್ನೋ ಕೊಡುತ್ತಿದ್ದರು. ಈ ಪದ್ಧತಿಯ ಬಗ್ಗೆ 1872ರಲ್ಲಿ ಸರ್ಕಾರದ ವಿಚಾರಣೆಯೇ ನಡೆಯಿತು. ಬಿಚ್ಚಿದ ಒಂದೊಂದು ಸಾಲೂ ಅಂಥ ಮನೆಯಲ್ಲಿ ಒಂದು ಗುಟುಕು ಚಹ ಎಂದು ನೀವೇ ಲೆಕ್ಕ ಹಾಕಿ.

ಬಿಚ್ಚುವ ಕೆಲಸಕ್ಕೆ ಸರ್ಕಾರವೇ ಬೆನ್ನು ತಟ್ಟಿದ್ದು ಎರಡನೆಯ ಮಹಾಯುದ್ಧದಲ್ಲಿ. ಬ್ರಿಟನ್ನಿನಲ್ಲಿ 1941ರ ಜೂನ್ 1ರಂದು ಬಟ್ಟೆಗೆ ಪಡಿತರ ಬಂದಿತು. ದೊಡ್ಡವರಿಗೆ ಮೊದಲ ವರ್ಷಕ್ಕೆ 66 ಕೂಪನ್ನು; ಹೆಣಿಗೆಯ ಉಣ್ಣೆಗೂ ಕೂಪನ್ನೇ ಬೇಕು. ಬೆಳೆಯುವ ಮಕ್ಕಳ ತಾಯಂದಿರು ಏನು ಮಾಡಿಯಾರು? ತಂದೆಯ ಹಳೆಯ ಸ್ವೆಟರು ಮಗನಿಗೆ, ಅದರಲ್ಲಿ ಉಳಿದದ್ದು ಕೂಸಿನ ಟೊಪ್ಪಿಗೆಗೆ. 1943ರಲ್ಲಿ ಹೊರಬಂದ ಸರ್ಕಾರದ ಕಿರುಹೊತ್ತಿಗೆಯೊಂದು ಇದ್ದದ್ದನ್ನೇ ರಿಪೇರಿ ಮಾಡಿ ಬಾಳಿಸಿರೆಂದು ಹೇಳಿತು. ಹೊಲಿಗೆಯ ಕೈ ಬಲ್ಲವರಿಗೆ ಅದನ್ನು ಹೇಳಬೇಕಾಗಿತ್ತೇ ಎನ್ನುವುದು ಬೇರೆ ಮಾತು.

ಕ್ರಮ ನಮಗೂ ತಿಳಿದದ್ದೇ. ಮೊದಲು ಪಕ್ಕದ ಹೊಲಿಗೆ ಬಿಡಿಸಿ ಬಿಡಿ ಭಾಗ ಮಾಡಬೇಕು. ಹೆಣಿಗೆ ಮುಗಿಸಿದ ತುದಿಯಿಂದ ಎಳೆಯಬೇಕು. ಬಂದ ನೂಲು ಗುಂಗುರು ಕೂದಲಿನಂತೆ ಮುದುಡಿಕೊಂಡಿರುತ್ತದೆ. ಹಾಗೆಯೇ ಹೆಣೆದರೆ ಕುಣಿಕೆಗಳು ಒಂದೇ ಸಮನಾಗಿ ಕೂಡುವುದಿಲ್ಲ. ಅದನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಕೆಳಗೆ ಸ್ವಲ್ಪ ಭಾರ ಕಟ್ಟಿ ನೇತುಹಾಕಿದರೆ ನೆಟ್ಟಗಾಗುತ್ತದೆ. ಮೊಣಕೈ ಸವೆದ ಕಡೆ ಮಾತ್ರ ತುಂಡು ತುಂಡೇ. ಬ್ರಿಟನ್ನಿನ ಪಡಿತರ ಮುಗಿದದ್ದು ಯುದ್ಧ ಮುಗಿದ ಎಷ್ಟೋ ದಿನದ ಮೇಲೆ, 1949ರಲ್ಲಿ.

ನಮ್ಮ ದೇಶಕ್ಕೆ ಅಂಥ ಚಳಿಗಾಲ 1962ರಲ್ಲಿ ಬಂತು. ಅಕ್ಟೋಬರ್ 20ರಂದು ಚೀಣೀಯರು ಗಡಿಯಲ್ಲಿ ದಾಳಿ ಮಾಡಿದರು. ಹಿಮದಲ್ಲಿ ನಿಂತ ನಮ್ಮ ಜವಾನರಿಗೆ ತಕ್ಕ ಬೆಚ್ಚನೆಯ ಬಟ್ಟೆಯಿಲ್ಲವೆಂದು ತಿಳಿದು ಊರೂರಿನ ಹೆಂಗಸರು ಕಡ್ಡಿ ಹಿಡಿದರು. ನಾನಾಗ ಶಾಲೆಯ ಹುಡುಗಿ. ಲಡಿಯನ್ನು ಎರಡು ಕೈಗೆ ಹಾಕಿಕೊಂಡು ಅಲ್ಲಾಡದೆ ಕೂರುವುದು ನನ್ನ ಕೆಲಸ. ಅಮ್ಮ ಉಂಡೆ ಸುತ್ತುತ್ತಿದ್ದಳು. ಅಡಿಗೆ, ಬಾಣಂತಿ ಅತ್ತಿಗೆಯ ಆರೈಕೆ, ಬಂದುಹೋಗುವ ನೆಂಟರು, ಇಷ್ಟರ ನಡುವೆ ಸ್ವೆಟರಿನ ಬೆನ್ನು ಮುಗಿಯಿತು. ಎದೆಯ ಭಾಗವನ್ನು ಜೊತೆಗಿಟ್ಟು ನೋಡಿದಾಗ, ಕಂಕುಳಿನ ಆಳಕ್ಕೆ ಎಂಟು ಸಾಲು ಕಡಿಮೆಯಾಗಿತ್ತು.

“ಯಾರು ನೋಡ್ತಾರೆ, ಬಿಡೇ” ಎಂದರು ಅಜ್ಜಿ.

“ನೋಡೋದಲ್ಲ ಅತ್ತೆ, ಬಿಗಿಯಾದರೆ ಕೈ ಎತ್ತೋದು ಹೇಗೆ?” ಎಂದು ಅಮ್ಮ ಭುಜದಿಂದ ಕೆಳಕ್ಕೆ ಬಿಚ್ಚತೊಡಗಿದಳು.

ನವೆಂಬರ್ 21ರಂದು ಕದನ ನಿಂತ ಸುದ್ದಿ ರೇಡಿಯೋದಲ್ಲಿ ಬಂದಾಗ ಒಂದು ತೋಳು ಇನ್ನೂ ಕಡ್ಡಿಯ ಮೇಲಿತ್ತು. ಇನ್ನೇನು, ಇದನ್ನು ನಮ್ಮ ಹುಡುಗನಿಗೇ ಇಟ್ಟುಕೊಳ್ಳಬಹುದಲ್ಲ ಎಂದು ಯಾರೋ ಅಂದರು. ಚಳಿ ನಿಂತಿಲ್ಲವಲ್ಲ ಎಂದಳು ಅಮ್ಮ. ಮುಂದಿನ ವಾರ ಅದು ಮಡಿಸಿದ ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಂಡು, ಉಳಿದ ಮನೆಗಳ ಸ್ವೆಟರುಗಳ ಜೊತೆಗೆ ನಮ್ಮ ಬೀದಿಯಿಂದ ಹೊರಟಿತು.